ಕಾರಣವೋ, ಕುಂಟುನೆಪವೋ?

‘ನಾನು ಏನೂ ತಿನ್ನುವುದೇ ಇಲ್ಲ ಫಾದರ್, ನೀರು ಕುಡಿದರೂ ಮೈ ಬರುತ್ತದೆ.’ ಈ ಮಾತನ್ನು ನೀವೂ ಕೇಳಿರುತ್ತೀರಿ. ಆಡಿಯೂ ಇರಬಹುದು. ತೂಕ ಇಳಿಸಬೇಕೆಂದು ವೈದ್ಯರು ಹೇಳಿರುತ್ತಾರೆ, ನಾವೂ ಒಪ್ಪಿರುತ್ತೇವೆ. ಸೋಮವಾರದಿಂದ ಶುರು ಎಂದು ನಿಶ್ಚಯವೂ ಆಗಿರುತ್ತದೆ. ಅಷ್ಟರಲ್ಲಿ ನಾದಿನಿಯ ಮಗಳ ಮದುವೆ ಬರುತ್ತದೆ. ಅದು ಮುಗಿಯಿತೆಂದರೆ ಚರ್ಚಿನ ಹಬ್ಬ, ಆಮೇಲೆ ಮಳೆ. ಮಳೆಯಲ್ಲಿ ನಡೆಯಲು ಹೋಗುವುದು ಹೇಗೆ? ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ಚೆಲ್ಲಿದರೆ ಪಾಪವಲ್ಲವೇ?

ಇವುಗಳಲ್ಲಿ ಒಂದೂ ಸುಳ್ಳಲ್ಲ. ಮದುವೆ ನಿಜ, ಮಳೆ ನಿಜ, ಅನ್ನ ದೇವರು ಕೊಟ್ಟದ್ದೆಂಬುದೂ ನಿಜ. ನೆಪವನ್ನು ಗುರುತು ಹಿಡಿಯುವುದು ಕಷ್ಟವಾಗುವುದು ಇದಕ್ಕೇ. ನಿಜವಾದ ಸಂಗತಿಗಳನ್ನೇ ಜೋಡಿಸಿ ಅದನ್ನು ಕಟ್ಟಿರುತ್ತೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ದಪ್ಪಗಿರುವುದು ಪಾಪವಲ್ಲ. ಧರ್ಮಸಭೆ ಹೊಟ್ಟೆಬಾಕತನವನ್ನು ಏಳು ಮೂಲಪಾಪಗಳಲ್ಲಿ ಎಣಿಸಿದೆ ನಿಜ. ಆದರೆ ಸಂತ ಥಾಮಸ್ ಅಕ್ವಿನಾಸರು ಅದನ್ನು ವಿವೇಕ ಮೀರಿದ ಆಸೆ ಎಂದು ವಿವರಿಸಿದರೇ ಹೊರತು ಸೊಂಟದ ಸುತ್ತಳತೆಗೆ ಗಂಟು ಹಾಕಲಿಲ್ಲ. (ಅವರೇ ಸ್ಥೂಲಕಾಯರಾಗಿದ್ದರೆಂಬ ಪ್ರತೀತಿಯಿದೆ.) ಒಣಕಲು ಮೈಯವನೂ ಹೊಟ್ಟೆಬಾಕನಾಗಿರಬಹುದು. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ತೂಕ ಏರುತ್ತದೆ. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳಿಂದಲೂ ಏರುವುದುಂಟು. ನಸುಕಿನಲ್ಲೇ ಎದ್ದು ಅಡಿಗೆ ಮುಗಿಸಿ ಗಾರ್ಮೆಂಟ್ಸ್ ಕಾರ್ಖಾನೆಗೆ ಓಡಿ, ಕತ್ತಲಾದ ಮೇಲೆ ಮನೆ ಸೇರುವ ತಾಯಿಗೆ ‘ದಿನಾ ಒಂದು ಗಂಟೆ ವಾಕಿಂಗ್ ಮಾಡಮ್ಮ’ ಎಂದು ಉಪದೇಶಿಸುವವರು, ಒಂದು ದಿನ ಅವಳ ಮನೆಯ ಪಾತ್ರೆಗಳನ್ನು ತೊಳೆದು ಬಂದು ಮಾತನಾಡಲಿ. ಇನ್ನೊಬ್ಬರ ಕಾರಣವನ್ನು ನೆಪವೆಂದು ಕರೆಯುವ ಅಧಿಕಾರ ನಮಗಿಲ್ಲ. ಆದುದರಿಂದ ಈ ಲೇಖನವನ್ನು ಗಂಡನಿಗೋ ಅತ್ತಿಗೆಗೋ ಓದಿ ಹೇಳಬೇಡಿ. ನಿಮಗಾಗಿ ಓದಿ.

ನಮ್ಮದೇ ವಿಷಯದಲ್ಲಿ ಕಾರಣ ಯಾವುದು, ನೆಪ ಯಾವುದು? ಸಂತ ಅಗಸ್ಟೀನರು ಕ್ರಿ.ಶ. 400ರ ಸುಮಾರಿಗೆ ಬರೆದ ‘ಕನ್‌ಫೆಷನ್ಸ್’ ಗ್ರಂಥದ ಹತ್ತನೆಯ ಭಾಗದಲ್ಲಿ ಊಟದ ವಿಚಾರ ಬರುತ್ತದೆ. ದೇಹಕ್ಕೆ ಬೇಕಾದದ್ದು ಎಲ್ಲಿ ಮುಗಿಯಿತು, ನಾಲಿಗೆಯ ಆಸೆ ಎಲ್ಲಿ ಶುರುವಾಯಿತು ಎಂಬ ಗೆರೆ ಅವರಿಗೂ ಎಷ್ಟೋ ಸಲ ಕಾಣುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ವಿಶೇಷವೇನಿಲ್ಲ. ಗೆರೆ ಕಾಣದಿದ್ದಾಗ ಆತ್ಮವು ಒಳಗೊಳಗೇ ಹಿಗ್ಗುತ್ತದೆ, ಆರೋಗ್ಯದ ಹೆಸರಿನಲ್ಲಿ ಆಸೆಯ ಕೆಲಸ ಮುಗಿಸಿಕೊಳ್ಳಲು ಆ ಮಬ್ಬು ಅನುಕೂಲವೆಂದು ಸಂತೋಷಪಡುತ್ತದೆ ಎನ್ನುತ್ತಾರೆ ಅವರು. ‘ಸಿಹಿ ಬಿಟ್ಟರೆ ತಲೆ ಸುತ್ತುತ್ತದೆ’ ಎಂಬ ನಮ್ಮ ಮಾತು 1600 ವರ್ಷ ಹಳೆಯದು ಎಂದಾಯಿತು!

ಈಚಿನ ವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ 10 ಮಂದಿಯನ್ನು ಅಮೆರಿಕದ ವೈದ್ಯರು ಪರೀಕ್ಷಿಸಿದ್ದರು. ಅವರ ದೇಹ ಶಕ್ತಿ ವ್ಯಯಿಸುವ ರೀತಿಯಲ್ಲಿ ಯಾವ ದೋಷವೂ ಇರಲಿಲ್ಲ. ತಾವು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ, ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ಅವರು ಹೇಳಿದ್ದರು. ಅವರನ್ನು ಸುಳ್ಳುಗಾರರೆಂದು ನಾನು ಕರೆಯಲಾರೆ. ನಮ್ಮ ಮನೆಯ ಲೆಕ್ಕವನ್ನೇ ನೋಡಿ. ದಿನಕ್ಕೆ 4 ಕಾಫಿ, ಒಂದೊಂದಕ್ಕೂ 2 ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಎಂದರೂ ದಿನಕ್ಕೆ 40 ಗ್ರಾಂ, ತಿಂಗಳಿಗೆ 1.2 ಕಿಲೋ. ಇದನ್ನು ಯಾರೂ ‘ತಿಂದೆ’ ಎಂದು ಹೇಳುವುದಿಲ್ಲ. ಕುಡಿದದ್ದಲ್ಲವೇ!

ಇಲ್ಲಿ ನೀವು ಒಂದು ನ್ಯಾಯವಾದ ಪ್ರಶ್ನೆ ಕೇಳಬಹುದು. ತಿಳಿಯದೆ ಮಾಡಿದ್ದು ತಪ್ಪು ಹೇಗಾಗುತ್ತದೆ? ಅಗತ್ಯವೆಂದು ಭಾವಿಸಿ ಹೆಚ್ಚು ತಿಂದವನದು ಅನುಭವದ ಕೊರತೆ, ಹೊಟ್ಟೆಬಾಕತನವಲ್ಲ ಎಂದು ಅಕ್ವಿನಾಸರೇ ಹೇಳಿದ್ದಾರೆ. ಆದರೆ ಅವರು ಇನ್ನೊಂದು ಬಗೆಯ ಅಜ್ಞಾನವನ್ನೂ ಹೆಸರಿಸುತ್ತಾರೆ. ತಿಳಿದರೆ ಬಿಡಬೇಕಾಗುತ್ತದಲ್ಲ ಎಂದು ತಿಳಿಯದೆಯೇ ಉಳಿಯಲು ಬಯಸುವ ಅಜ್ಞಾನ ಅದು. ಮೊದಲನೆಯವನಿಗೆ ತಕ್ಕಡಿ ಕೊಟ್ಟರೆ ತೂಗಿ ನೋಡುತ್ತಾನೆ. ಎರಡನೆಯವನು ತಕ್ಕಡಿಯೇ ಕೆಟ್ಟಿದೆ ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಪ್ರಿಯ ಓದುಗರೇ, ಇವೆರಡರ ನಡುವಿನ ವ್ಯತ್ಯಾಸ ತಿಳಿಯಲು ನನಗೆ ಕಂಡ ದಾರಿ ಒಂದೇ. ಥೈರಾಯ್ಡ್ ಇರಬಹುದೆಂದು ರಕ್ತಪರೀಕ್ಷೆ ಮಾಡಿಸಿದಿರಿ ಎನ್ನಿ. ವರದಿ ಬಂತು, ಎಲ್ಲವೂ ಸರಿಯಿದೆ. ಆಗ ನಿಮಗೆ ಸಮಾಧಾನವಾಯಿತೇ, ನಿರಾಸೆಯಾಯಿತೇ? ಕಾರಣವಿದ್ದವರು ಆ ಕಾರಣ ತೊಲಗಲೆಂದು ಬಯಸುತ್ತಾರೆ, ಅದಕ್ಕಾಗಿ ಔಷಧ ನುಂಗುತ್ತಾರೆ, ಮತ್ತೆ ಆಸ್ಪತ್ರೆಗೆ ಹೋಗುತ್ತಾರೆ. ನೆಪವಿದ್ದವರಿಗೆ ಅದು ಕಳೆದುಹೋದರೆ ಆಸ್ತಿ ಕಳೆದುಕೊಂಡಂತೆ. ಆ ಒಂದು ಗಳಿಗೆಯ ಬಾಡಿದ ಮುಖವನ್ನು ಬೇರೆ ಯಾರೂ ನೋಡಬೇಕಾಗಿಲ್ಲ. ನೀವು ನೋಡಿಕೊಂಡರೆ ಸಾಕು.

ಇದನ್ನು ಹಗುರವಾಗಿ ಬಿಡಲಾಗದು, ಏಕೆಂದರೆ ನೆಪಕ್ಕೆ ಯಾರಾದರೊಬ್ಬರ ಬೆನ್ನು ಬೇಕು. ಆದಿಕಾಂಡದ ಮೊದಲ ನೆಪವೂ ತಿಂದ ವಿಷಯಕ್ಕೇ ಹುಟ್ಟಿದ್ದು. ಆದಾಮ ಹೆಂಡತಿಯತ್ತ ಕೈ ತೋರಿಸಿದ, ಅವಳನ್ನು ಕೊಟ್ಟ ದೇವರನ್ನೂ ಬಿಡಲಿಲ್ಲ. ಅವಳು ಸರ್ಪದತ್ತ ತೋರಿಸಿದಳು. ಇಂದಿಗೂ ಸಕ್ಕರೆ ಕಾಯಿಲೆಯ ಗಂಡ ಎರಡನೆಯ ಸಲ ಪಾಯಸ ಹಾಕಿಸಿಕೊಂಡು, ‘ತಿನ್ನದಿದ್ದರೆ ಇವಳಿಗೆ ಬೇಸರ’ ಎನ್ನುತ್ತಾನೆ. ಅವನ ಕಾಲಿನ ಗಾಯ ಮಾಯದೆ ಹೋದಾಗ ರಾತ್ರಿಯಿಡೀ ಅಳುವವಳು ಅವಳೇ. ಅವನ ಆಸೆಯ ಭಾರವನ್ನು ಅವಳ ಪ್ರೀತಿಯ ಮೇಲೆ ಹೊರಿಸಿದ್ದು ಅನ್ಯಾಯ, ಆ ಪಾಯಸದ ಪ್ರಮಾಣ ಎಷ್ಟೇ ಇರಲಿ.

ಪಾಪನಿವೇದನೆಯ ಪೀಠದಲ್ಲೂ ಕೆಲವರು ತಮ್ಮ ಪಾಪವನ್ನು ಬಿಟ್ಟು ನೆರೆಯವರದನ್ನು ವಿವರಿಸುತ್ತಾರೆಂದು ಗುರುಗಳು ತಮ್ಮತಮ್ಮಲ್ಲಿ ತಮಾಷೆ ಮಾಡುವುದುಂಟು. ‘ಆಸೆಯಾಯಿತು, ತಿಂದೆ’ ಎಂದು ಎರಡೇ ಪದದಲ್ಲಿ ಹೇಳುವವರು ಅಪರೂಪ. ಹಾಗೆ ಹೇಳಿದವರ ತೂಕ ಮರುದಿನವೇ ಇಳಿಯುವುದಿಲ್ಲ. ಆದರೆ ಅವರೊಡನೆ ಮಾತು ಮುಂದುವರಿಸಬಹುದು, ನಾಳೆ ಏನು ಮಾಡೋಣ ಎಂದು ಕೇಳಬಹುದು.

ಮುಂದಿನ ಮದುವೆಯ ಊಟದಲ್ಲಿ ಜಾಮೂನಿನ ಪಾತ್ರೆ ನಿಮ್ಮ ಸಾಲಿಗೆ ಎರಡನೆಯ ಸಲ ಬಂದಾಗ ‘ಬೇಡ’ ಎನ್ನಿ. ಇಲ್ಲವೇ ‘ಆಸೆಯಾಗಿದೆ, ಒಂದು ಹಾಕಿ’ ಎನ್ನಿ. ‘ಅಯ್ಯೋ, ನೀವು ಇಷ್ಟು ಒತ್ತಾಯ ಮಾಡಿದರೆ ಹೇಗೆ’ ಎನ್ನುತ್ತಾ ತಟ್ಟೆಯನ್ನು ಮುಂದೆ ಮಾಡುವವರು ಪಕ್ಕದಲ್ಲೇ ಇರುತ್ತಾರೆ. ಬಡಿಸುವ ಹುಡುಗ ಇನ್ನೂ ಬಾಯಿಯನ್ನೇ ತೆರೆದಿರುವುದಿಲ್ಲ.