ಕಿತ್ತ ಹೂವಿನ ಲೆಕ್ಕ



ಫೆಬ್ರವರಿಯ ಕೊನೆಗೆ ಮತ್ತಿಕೆರೆಯ ಜೆ.ಪಿ. ಪಾರ್ಕಿಗೊಮ್ಮೆ ಹೋಗಿ ಬನ್ನಿರಿ. ಯಶವಂತಪುರದಿಂದ ದೂರವೇನಿಲ್ಲ. ಮನೆಮಂದಿಯನ್ನೂ ಕರೆದೊಯ್ಯಿರಿ; ನಮ್ಮ ಅನೇಕ ಸಹೋದರಿಯರು ಮದುವೆ ಮತ್ತು ಆಸ್ಪತ್ರೆ ಬಿಟ್ಟರೆ ಹೊರಗೆ ಹೋಗುವುದೇ ಅಪರೂಪ. ಆಗ ಮಳೆ ಬಿದ್ದು ತಿಂಗಳುಗಳಾಗಿರುತ್ತವೆ. ಆದರೂ ಎಲೆಯುದುರಿ ಬರಿದಾಗಿದ್ದ ಹೊಂಗೆಯಲ್ಲಿ ಎಳೆ ಹಸಿರು ಮಿನುಗುತ್ತದೆ. ಟಬೆಬುಯಾ ಮರವಂತೂ ಎಲೆಯಿಲ್ಲದೆ ಮೈತುಂಬ ಗುಲಾಬಿ ಬಣ್ಣದ ಹೂ ಹೊತ್ತಿರುತ್ತದೆ. ನಿರ್ಜೀವ ಭೂಮಿಗೆ ಜೀವ ಕೊಡುವವನೇ ಸತ್ತವರನ್ನೂ ಎಬ್ಬಿಸುವನೆಂದು ಪವಿತ್ರ ಕುರ್‌ಆನಿನ ಅರ್ರೂಮ್ ಅಧ್ಯಾಯವು ನಮಗೆ ತಿಳಿಸುತ್ತದೆ. ಅದನ್ನು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ಆ ಮಾತು ನನ್ನ ಮನಸ್ಸಿಗಿಳಿದದ್ದು ಆ ಮರದ ಕೆಳಗೆ ನಿಂತಾಗ.

ನಾನು ಹೇಳಬೇಕಾದುದು ಅದೇ ಮರದ ಕೆಳಗೆ ಮಾಡಿದ ತಪ್ಪನ್ನು. ಏಳು ವರ್ಷದ ಮಗಳು "ಅಬ್ಬಾ, ಹೂ ಬೇಕು" ಎಂದಳು. ಕೊಂಬೆ ಬಗ್ಗಿಸಿ ಒಂದು ಗೊಂಚಲು ಮುರಿದುಕೊಟ್ಟೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು, "ಸಾಹೇಬ್ರೇ, ಬಂದೋರೆಲ್ಲ ಒಂದೊಂದು ಕಿತ್ರೆ ನಾಳೆ ಬರೋರಿಗೇನು ಉಳೀತದೆ?" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಹೆಚ್ಚು ನಾಚಿಕೆಯಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆರೆಮನೆಯವರ ಕುಂಡದ ಹೂ ಕಿತ್ತಿದ್ದರೆ ಬೆಳಿಗ್ಗೆ ಹೋಗಿ ಕ್ಷಮೆ ಕೇಳಬಹುದಿತ್ತು. ಮನುಷ್ಯರ ಹಕ್ಕನ್ನು ಮನುಷ್ಯರೇ ಮನ್ನಿಸಬೇಕೆಂಬುದು ನಮಗೆಲ್ಲ ಗೊತ್ತು. ಪಾರ್ಕಿನ ಹೂವಿಗೆ ಒಡೆಯರು ಯಾರು? ಈ ಊರಿನ ಸಮಸ್ತರು. ನಾನು ಯಾರ್‍ಯಾರ ಬಾಗಿಲು ತಟ್ಟಲಿ? ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಪರರ ಹಕ್ಕು ಕಸಿದುದರಿಂದ ಅಂತ್ಯದಿನದಲ್ಲಿ ಬರಿಗೈಯಾಗುವ ದಿವಾಳಿಯ ಕುರಿತು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ದಿವಾಳಿಯೆಂದರೆ ಯಾರೋ ದೊಡ್ಡ ವಂಚಕನೆಂದೇ ನಾನು ಭಾವಿಸಿದ್ದೆ.

ಸಹೋದರರೇ, ನಮ್ಮ ಭಾನುವಾರಗಳನ್ನು ನೆನೆದುಕೊಳ್ಳಿರಿ. ಬಿರಿಯಾನಿ ಡಬ್ಬಿ ಬಿಚ್ಚಿ, ಉಂಡು, ಎಲುಬು ಮತ್ತು ಪ್ಲಾಸ್ಟಿಕ್ ತಟ್ಟೆಗಳನ್ನು ಹುಲ್ಲಿನ ಮೇಲೆಯೇ ಬಿಟ್ಟು ಏಳುತ್ತೇವೆ. ಜನರು ಕೂರುವ ನೆರಳನ್ನು ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಹದೀಸಿನಲ್ಲಿದೆ. 1760ರಲ್ಲಿ ಹೈದರ್ ಅಲಿ ಲಾಲ್‌ಬಾಗ್ ಆರಂಭಿಸಿದ್ದು, ಟಿಪ್ಪು ಹೊರದೇಶಗಳಿಂದ ಗಿಡಗಳನ್ನು ತರಿಸಿದ್ದು ನಮ್ಮ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಅಲ್ಲಿ ನಾವು ಬಿಟ್ಟುಬಂದ ಕಸದ ವಿಚಾರವನ್ನು ಮಾತ್ರ ಯಾರೂ ಎತ್ತುವುದಿಲ್ಲ!

ನೆಟ್ಟ ಗಿಡದಿಂದ ಹಕ್ಕಿಯೊಂದು ತಿಂದರೂ ನೆಟ್ಟವನಿಗೆ ಅದು ದಾನವಾಗುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಟಬೆಬುಯಾ ಸಸಿಗಳನ್ನು ನೆಟ್ಟ ಕೂಲಿಕಾರ ಯಾರೋ, ಅವನ ಹೆಸರು ಎಲ್ಲಿಯೂ ಇಲ್ಲ.

ಮುಂದಿನ ಭಾನುವಾರ ಒಂದು ಖಾಲಿ ಚೀಲ ಹಿಡಿದು ಮಗಳೊಂದಿಗೆ ಮತ್ತೆ ಅಲ್ಲಿಗೆ ಹೋದೆ. ಆ ಹಿರಿಯರಿಗೆ ಸಲಾಮಿನ ಬದಲು ನಮಸ್ಕಾರ ಹೇಳಿದೆ, ನಕ್ಕರು. ಚೀಲ ಅರ್ಧ ತುಂಬುವಷ್ಟರಲ್ಲಿ ಅವರೂ ಎದ್ದು ಬಂದು ಒಂದೆರಡು ತಟ್ಟೆ ಹಾಕಿದರು. ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ಹೂಮರ ನೋಡಿದಳು. ಬಳಿಕ ಕೆಳಗೆ ಬಿದ್ದಿದ್ದ ಮೂರು ಹೂಗಳನ್ನು ಹೆಕ್ಕಿ, "ಇದು ತಗೋಬಹುದಾ ಅಬ್ಬಾ?" ಎಂದು ಕೇಳಿದಳು.