ದಾಸೋಹದ ಧಾನ್ಯ ಎಲ್ಲಿಯದು?

ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಆ ಅಕ್ಕಿಯಿಂದ ಅಡಿಗೆಮಾಡಿ ಜಂಗಮದಾಸೋಹವನ್ನು ನಡೆಸುವುದು ಲಕ್ಕಮ್ಮನವರ ನೇಮ. ಒಂದು ದಿನ ಅನುಭವಗೋಷ್ಠಿಯ ಆನಂದದಲ್ಲಿ ಮಾರಯ್ಯನವರಿಗೆ ಕಾಯಕದ ಹೊತ್ತು ಮೀರಿತು. ಪತ್ನಿಯು ಎಚ್ಚರಿಸಲು ಅವಸರದಿಂದ ಓಡಿಹೋಗಿ, ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದರು. ಲಕ್ಕಮ್ಮನವರು ಆ ಹೆಚ್ಚಳವನ್ನು ಮನೆಯೊಳಗೆ ಸೇರಿಸಲಿಲ್ಲ. ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರು. ಈ ಕಥೆಯನ್ನು ಕೇಳದಿರುವ ಶಿವಭಕ್ತರ ಮನೆಯು ಕನ್ನಡನಾಡಿನಲ್ಲಿ ಇರಲಾರದು.

ಆದರೆ ಕೇಳಿದವರು ಗ್ರಹಿಸುವ ಅರ್ಥವು ಒಂದೇ ಬಗೆಯದಲ್ಲ. ಉಳ್ಳವರ ಬಾಯಲ್ಲಿ ಈ ಕಥೆಯು ಅನೇಕ ವೇಳೆ ಬಡವನಿಗೆ ಹೇಳುವ ಬುದ್ಧಿವಾದವಾಗಿ ಪರಿಣಮಿಸುತ್ತದೆ: “ಇದ್ದುದರಲ್ಲಿ ತೃಪ್ತನಾಗಿರು, ಹೆಚ್ಚಿಗೆ ಕೇಳಬೇಡ.” ಇದು ಲಕ್ಕಮ್ಮನವರಿಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು. ಆ ತಾಯಿ ಬೇಡವೆಂದುದು ಹೆಚ್ಚಳವನ್ನು, ಅನ್ನವನ್ನಲ್ಲ. ಅಂದಂದಿನ ಅಕ್ಕಿಯು ಅವರ ಮನೆಗೆ ಸ್ವಂತ ಕಾಯಕದಿಂದ, ತಮ್ಮೂರಿನ ಅಂಗಳದಿಂದಲೇ ಬರುತ್ತಿತ್ತು. ಅದು ತಪ್ಪುವ ಸಂಭವ ಒದಗಿದಾಗ ಅವರು ವಿಧಿಯೆಂದು ಸುಮ್ಮನೆ ಕೂಡಲಿಲ್ಲ. ಪತಿಯನ್ನು ಗೋಷ್ಠಿಯಿಂದಲೇ ಎಬ್ಬಿಸಿದರು. ದುಡಿಯುವವನ ಮನೆಯಲ್ಲಿ ಅನ್ನವಿರಬೇಕೆಂಬುದು ಈ ಕಥೆಯ ಮೊದಲನೆಯ ಮಾತು. ಹೆಚ್ಚಿಗೆ ಬೇಡವೆಂಬುದು ಎರಡನೆಯದು. ಮೊದಲನೆಯದನ್ನು ನುಂಗಿ ಎರಡನೆಯದನ್ನಷ್ಟೇ ಬೋಧಿಸುವುದು ಶರಣಧರ್ಮವಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಮಂಗಸೂಳಿಯ ಕಡೆಗೆ ನೋಡೋಣ. ಮರಾಠಿಗರು ಖಂಡೋಬನೆಂದೂ ಕನ್ನಡಿಗರು ಮಲ್ಲಯ್ಯನೆಂದೂ ಕರೆಯುವ ದೇವರ ಕ್ಷೇತ್ರವಿದು. ಗಡಿಯ ಎರಡೂ ಕಡೆಯ ಭಕ್ತರು ಬಂದು ಭಂಡಾರವನ್ನು ತೂರುತ್ತಾರೆ. ಭಂಡಾರವೆಂದರೆ ಅರಿಸಿನ. ಅದು ಈ ಸೀಮೆಯ ಹೊಲಗಳಲ್ಲಿಯೂ ಬೆಳೆಯುವುದು, ಸಮೀಪದ ಸಾಂಗಲಿಯ ಪೇಟೆಯಲ್ಲಿ ಮಾರಾಟವಾಗುವುದು. ದೇವರ ಹಣೆಗೆ ಏರುವುದು ನೆಲದಿಂದಲೇ ಬರಬೇಕೆಂಬ ತಿಳಿವಳಿಕೆಯು ಇಲ್ಲಿಯ ಜನರಿಗೆ ಹೊಸದಲ್ಲ.

ಕೃಷ್ಣೆಯ ನೀರು ಏರಿಬರುವ ಮೊದಲು ಈ ಕರಿಮಣ್ಣಿನ ಸೀಮೆಯ ಸಣ್ಣ ಹೊಲವೊಂದು ಹೇಗಿತ್ತೆಂಬುದನ್ನು ಹಿರಿಯರು ಬಲ್ಲರು. ಹಿಂಗಾರಿಗೆ ಬಿಳಿಜೋಳ, ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಕಡಲೆ, ಅಗಸಿ, ಹೊಲದ ಅಂಚಿಗೆ ದನಗಳು ಬಾಯಿ ಹಾಕದಂತೆ ಮುಳ್ಳಿನ ಕುಸುಬಿ. ಮುಂಗಾರಿಗೆ ಸಜ್ಜೆ, ಹೆಸರು, ತೊಗರಿ, ಮಡಿಕೆ, ಬದುವಿನಲ್ಲಿ ಪುಂಡಿ. ಒಂದು ಬೆಳೆಯು ಮಳೆಗೆ ಸೋತರೆ ಇನ್ನೊಂದು ನಿಲ್ಲುತ್ತಿತ್ತು. ದ್ವಿದಳ ಧಾನ್ಯಗಳ ಬೇರು ನೆಲಕ್ಕೆ ಸಾರವನ್ನು ಕೊಡುತ್ತಿತ್ತು. ಜೋಳದ ಕಣಿಕೆ ಎತ್ತಿಗೆ ಮೇವು, ಎತ್ತಿನ ಸಗಣಿ ಮತ್ತೆ ಹೊಲಕ್ಕೆ. ರಾಶಿಯು ಹಗೇವಿಗೆ ಇಳಿದರೆ ವರ್ಷದ ರೊಟ್ಟಿಯ ಚಿಂತೆ ತೀರಿತು. ಕುಸುಬಿಯು ಗಾಣಕ್ಕೆ ಹೋಗುವುದು, ಗಾಣಿಗನ ಮನೆಗೂ ಒಂದು ಪಾಲು. ಮೇದಾರನ ಮೊರ, ಕಂಬಾರನ ಕುಡ, ಬಡಿಗನ ಕೂರಿಗೆ ಎಲ್ಲವೂ ಅದೇ ಕಣದ ಸುತ್ತ ಬದುಕುವುವು. ಮೇದರ ಕೇತಯ್ಯ, ಗಾಣದ ಕಣ್ಣಪ್ಪ, ಒಕ್ಕಲಿಗ ಮುದ್ದಣ್ಣ ಇವರ ಹೆಸರುಗಳೇ ಸಾಕ್ಷಿ: ಶರಣರ ಕಾಯಕಗಳು ಒಂಟಿಯಾಗಿ ನಿಂತವುಗಳಲ್ಲ, ಊರಿನ ಅನ್ನದ ಸುತ್ತ ಹೆಣೆದುಕೊಂಡವುಗಳು.

ಹಾಗೆಂದು ಆ ಕಾಲವೆಲ್ಲ ಸುಖದ ಕಾಲವೆಂದು ಭ್ರಮಿಸಬಾರದು. 1876 ರಿಂದ 1878 ರ ವರೆಗಿನ ಧಾತು ಈಶ್ವರ ಬರದಲ್ಲಿ ಹಗೇವುಗಳೂ ಬರಿದಾದುವು. ಜನರೂ ದನಗಳೂ ಅಸಂಖ್ಯವಾಗಿ ಸತ್ತುವು. ನೀರಾವರಿಯು ಬೇಡವೆನ್ನುವವನು ಬರವನ್ನು ಕಾಣದವನು.

ನೀರು ಬಂದಿತು, ಅದರೊಡನೆ ಕಬ್ಬು ಬಂದಿತು. ನೆರೆಯ ಉಗಾರದಲ್ಲಿ 1939 ರಲ್ಲಿಯೇ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಯಿತು. ಅನಂತರ ಈ ಭಾಗದಲ್ಲಿ ಮತ್ತೆ ಹಲವು ಎದ್ದುವು. ಕಬ್ಬಿನಿಂದ ಅನೇಕರ ಮನೆಗೆ ಮಾಳಿಗೆ ಬಂದುದೂ ಮಕ್ಕಳ ವಿದ್ಯಾಭ್ಯಾಸವಾದುದೂ ನಿಜ. ಕಬ್ಬು ಪಾಪದ ಬೆಳೆಯಲ್ಲ. ಆದರೆ ಮೂರೇ ಎಕರೆಯುಳ್ಳ ಗೃಹಸ್ಥನೊಬ್ಬನು ಮೂರನ್ನೂ ಕಬ್ಬಿಗೆ ಕೊಟ್ಟನೆಂದು ತಿಳಿಯೋಣ. ಆ ಬೆಳೆಯು ಕೈಗೆ ಬರಲು 12 ರಿಂದ 18 ತಿಂಗಳು. ಅಷ್ಟು ಕಾಲ ಅವನ ಮನೆಯ ಜೋಳ, ಬೇಳೆ, ಎಣ್ಣೆ, ಕಾಯಿಪಲ್ಲೆ ಎಲ್ಲವೂ ಅಂಗಡಿಯಿಂದಲೇ ಬರಬೇಕು, ಬಹುತೇಕ ಉದ್ರಿಯಲ್ಲಿ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15 ರಂತೆ ಬಡ್ಡಿ ಕೊಡಬೇಕು ಎಂದು 1966 ರ ಕಬ್ಬು ನಿಯಂತ್ರಣ ಆಜ್ಞೆಯು ಹೇಳುತ್ತದೆ. ಕಾನೂನಿನ ಹಾಳೆಯ 14 ದಿನಗಳಿಗೂ ರೈತನ ಮನೆಯ 14 ದಿನಗಳಿಗೂ ಎಷ್ಟು ಅಂತರವೆಂಬುದನ್ನು ಬೆಳೆದವರೇ ಬಲ್ಲರು. 2019 ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ನದೀತೀರದ ಕಬ್ಬು ದಿನಗಟ್ಟಲೆ ನೀರಿನಲ್ಲಿ ನಿಂತಾಗ, ಬೇರೆ ಬೆಳೆಯಿಲ್ಲದ ಮನೆಗಳಿಗೆ ಆಸರೆ ಯಾವುದಿದ್ದಿತು?

ಹೊಲವುಳ್ಳವನ ಕಷ್ಟ ಇಷ್ಟಾದರೆ, ಹೊಲವಿಲ್ಲದವರದು ಬೇರೆಯೇ. ಜೋಳದ ಹೊಲದಲ್ಲಿ ಕೊಯಿಲು ಮುಗಿದ ಮೇಲೆ ಬಡಹೆಂಗಸರು ಹಕ್ಕಲು ಆಯುತ್ತಿದ್ದರು. ಬಿದ್ದ ತೆನೆಯನ್ನು ಆಯಬೇಡವೆಂದು ಒಕ್ಕಲಿಗನು ಹೇಳುತ್ತಿರಲಿಲ್ಲ; ಹೇಳಿದರೆ ಊರು ಅವನನ್ನು ಒಪ್ಪುತ್ತಿರಲಿಲ್ಲ. ಸದ್ಭಕ್ತರು ಸ್ವಲ್ಪ ನಿಂತು ವಿಚಾರಿಸಬೇಕು: ಅದು ಮಾರಯ್ಯನವರ ಕಾಯಕವಲ್ಲದೆ ಮತ್ತೇನು? ಕಳೆ ಕೀಳುವುದು, ಕೊಯ್ಯುವುದು, ತೂರುವುದು ಇವುಗಳಿಗೆ ಕಾಳಿನ ಕೂಲಿಯೂ ಇತ್ತು. ಕಬ್ಬಿನ ಹೊಲದಲ್ಲಿ ಹಕ್ಕಲು ಇಲ್ಲ. ಕಡಿಯುವ ತಂಡಗಳು ಬಹುಮಟ್ಟಿಗೆ ದೂರದ ಬರಸೀಮೆಯಿಂದ ಬರುತ್ತವೆ. ಅವರೂ ತಮ್ಮ ಒಣಹೊಲವನ್ನು ಬಿಟ್ಟು ಬಂದ ಬಡವರೇ. ಹೀಗೆ ನಮ್ಮೂರಿನ ವಿಧವೆಯ ಮಡಿಲಿಗೆ ಬೀಳುತ್ತಿದ್ದ ನಾಲ್ಕು ತೆನೆಗಳು ಯಾರ ಕೈಯಲ್ಲಿಯೂ ಸೇರದೆ ಮಾಯವಾದುವು.

ಎಳ್ಳ ಅಮಾವಾಸ್ಯೆಯ ಚರಗವನ್ನು ನೆನೆಯೋಣ. ಹೊಲದಲ್ಲಿ ಬೆಳೆದುದರಿಂದಲೇ ಸಜ್ಜೆಯ ರೊಟ್ಟಿ, ಪುಂಡಿಪಲ್ಲೆ, ಕಾಳುಪಲ್ಲೆ, ಗುರೆಳ್ಳಿನ ಹಿಂಡಿಯನ್ನು ಮಾಡಿ, ಬಂಡಿ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಚೆಲ್ಲಿ, ಬಂಧುಗಳೊಡನೆ ಉಣ್ಣುವ ಹಬ್ಬವದು. ಅಂಗಡಿಯಿಂದ ಪೊಟ್ಟಣ ಕಟ್ಟಿಸಿ ತಂದ ಕಾಳನ್ನು ಬೇಯಿಸಿ ಕಬ್ಬಿನ ಅಂಚಿನಲ್ಲಿ ಚೆಲ್ಲಿದರೆ ಶಾಸ್ತ್ರವು ನಡೆಯಿತು ಸರಿ. ಆದರೆ ತಾಯಿಗೆ ಸಂದುದು ಅವಳು ಕೊಟ್ಟುದಲ್ಲ. ಮೂರು ಎಕರೆಯಲ್ಲಿ ಮನೆಯ ಊಟದ ಮಟ್ಟಿಗಾದರೂ ಜೋಳವನ್ನೂ ಕಾಳನ್ನೂ ಉಳಿಸಿಕೊಂಡವನು ಉದ್ರಿಯ ಪುಸ್ತಕದಿಂದ ಅರ್ಧ ಬಿಡುಗಡೆ ಹೊಂದಿದನು. ಉಳಿದ ನೆಲದಲ್ಲಿ ಕಬ್ಬು ಇರಲಿ, ಯಾರ ತಕರಾರೂ ಇಲ್ಲ.

ಇದು ಕೇವಲ ಒಂದೂರಿನ ಮಾತಲ್ಲ. 2015-16 ರ ಕೃಷಿಗಣತಿಯಂತೆ ಭಾರತದ ಹಿಡುವಳಿಗಳಲ್ಲಿ ನೂರಕ್ಕೆ ಸುಮಾರು 86 ಐದು ಎಕರೆಗಿಂತ ಸಣ್ಣವು. ಈ ಸಣ್ಣ ಹೊಲಗಳಲ್ಲಿ ಅನ್ನವೂ ಆದಾಯವೂ ಹುಟ್ಟದೆ ಹಳ್ಳಿಯ ಬಡತನವು ಹೋಗುವ ದಾರಿ ಬೇರೆ ಕಾಣದು. ಸಾಧ್ಯವೇ ಎಂದು ಸಂದೇಹಿಸುವವರು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಎಂಬ ಹಳ್ಳಿಯನ್ನು ನೋಡಬಹುದು. ಅಲ್ಲಿಯ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಂಗಸರು ಸಿರಿಧಾನ್ಯಗಳ ನಾಟಿ ಬೀಜಗಳನ್ನು ಕಾಪಾಡಿ, ಮಳೆಯಾಶ್ರಿತ ರೈತರಿಗೆ ಹಂಚಿ, ಬೆಳೆದುದನ್ನು ಹಸನುಮಾಡಿ ಮಾರುವ ವ್ಯವಸ್ಥೆಯನ್ನು ಕಟ್ಟಿದರು. 2025 ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಆ ಸಂಘಕ್ಕೆ ಈಕ್ವೇಟರ್ ಪ್ರಶಸ್ತಿಯನ್ನು ನೀಡಿತು. ಸಂಘದ ಹೆಸರನ್ನು ಕೇಳಿ ಹಿಂದೆ ಸರಿಯುವವರಿದ್ದರೆ, ಅಂಥವರು ಕಲ್ಯಾಣದಲ್ಲಿ ಯಾರು ಯಾರು ಒಂದೇ ಪಂಕ್ತಿಯಲ್ಲಿ ಕುಳಿತರೆಂಬುದನ್ನು ನೆನೆಯಲಿ.

ಬೀಜವಿದ್ದು ಬೆಳೆದರೆ ಸಾಲದು, ಕೊಳ್ಳುವವರು ಬೇಕು. ಇಲ್ಲಿಯೇ ದಾಸೋಹದ ಪ್ರಶ್ನೆಯು ಬರುವುದು. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಕೊಡುವ ಯೋಜನೆಗೆ ಕರ್ನಾಟಕ ಸರಕಾರವು 2002 ರಲ್ಲಿ ಅಕ್ಷರ ದಾಸೋಹವೆಂದು ಶರಣರ ಮಾತನ್ನೇ ಹೆಸರಾಗಿ ಇಟ್ಟಿತು. ಅತ್ತ ಬ್ರಜಿಲ್ ದೇಶವು 2009 ರಲ್ಲಿ ಒಂದು ಕಾನೂನು ಮಾಡಿ, ಶಾಲೆಯ ಊಟಕ್ಕೆಂದು ಕೇಂದ್ರವು ಕೊಡುವ ಹಣದಲ್ಲಿ ನೂರಕ್ಕೆ 30 ಭಾಗವನ್ನಾದರೂ ಸಣ್ಣ ಒಕ್ಕಲು ಕುಟುಂಬಗಳಿಂದಲೇ ಕೊಳ್ಳಲು ವಿನಿಯೋಗಿಸಬೇಕೆಂದು ವಿಧಿಸಿತು. ದಾಸೋಹವೆಂಬ ಶಬ್ದವನ್ನು ಕೇಳಿಯೂ ಇರದ ಆ ಜನರು ದಾಸೋಹದ ಒಂದು ಮರ್ಮವನ್ನು ಹಿಡಿದರು: ಉಣ್ಣುವವನ ಹಸಿವೂ ಬೆಳೆಯುವವನ ಹಸಿವೂ ಒಂದೇ ಅಗುಳಿನಿಂದ ತೀರಬಲ್ಲುವು.

ನಮ್ಮ ಮಠಗಳಲ್ಲಿ ದಿನವೂ ಒಲೆ ಉರಿಯುತ್ತದೆ. ತುಮಕೂರಿನ ಸಿದ್ಧಗಂಗೆಯಲ್ಲಿ, 2019 ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಿಂದ ಸಾವಿರಾರು ವಿದ್ಯಾರ್ಥಿಗಳು ಉಣ್ಣುತ್ತಿರುವ ಅನ್ನಕ್ಕೆ ಭಕ್ತರ ಹೊಲದ ಧಾನ್ಯವೂ ಸೇರಿದೆ. ಹಿಂದೆ ಎಲ್ಲ ಮಠಗಳ ಜೋಳಿಗೆಯೂ ಕಣದಿಂದಲೇ ತುಂಬುತ್ತಿತ್ತು. ಈಗ ಅನೇಕ ಕಡೆ ಭಕ್ತನು ಹಣವನ್ನು ಕೊಡುವನು, ಹಣವು ದೂರದ ಪೇಟೆಗೆ ಹೋಗುವುದು, ಪೇಟೆಯಿಂದ ಮೂಟೆಯು ಬರುವುದು. ಮಠದ ಗೋಡೆಯಾಚೆಯ ಎರಡೆಕರೆಯ ಒಕ್ಕಲಿಗನು ತನ್ನ ಜೋಳವನ್ನು ದಲಾಲನು ಹೇಳಿದ ದರಕ್ಕೆ ಮಾರಿ, ಸಂಜೆ ಬಂದು ಅದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸುವನು. ಅವನಿಗೆ ಅನ್ನವನ್ನು ನೀಡಿದೆವೆಂಬ ತೃಪ್ತಿಯು ನಮಗೆ ಇರಬಹುದು. ಅವನ ಜೋಳವನ್ನೇ ನ್ಯಾಯವಾದ ದರಕ್ಕೆ ಕೊಂಡಿದ್ದರೆ ಅವನು ಉಣ್ಣುವವನಷ್ಟೇ ಆಗದೆ ದಾಸೋಹಿಯೂ ಆಗುತ್ತಿದ್ದನು.

ಹಿಂಗಾರಿ ಜೋಳದ ಬಿತ್ತನೆಯು ಹಸ್ತ, ಚಿತ್ತೆಯ ಮಳೆಗಳಿಗೆ ನಡೆಯುವುದು. ಮಂಗಸೂಳಿಯ ಸೀಮೆಯಲ್ಲಾಗಲಿ ಮತ್ತೆಲ್ಲಿಯಾಗಲಿ, ಮಠದ ಹಿರಿಯರು ಅದಕ್ಕೆ ಮೊದಲೇ, ಶ್ರಾವಣದ ಪ್ರವಚನಕ್ಕೆ ಜನರು ಕೂಡಿದ ದಿನಗಳಲ್ಲಿ, ಮುಂದಿನ ವರ್ಷದ ದಾಸೋಹಕ್ಕೆ ಎಷ್ಟು ಚೀಲ ಜೋಳ, ಎಷ್ಟು ತೊಗರಿ, ಎಷ್ಟು ಕುಸುಬಿ ಎಣ್ಣೆ ಬೇಕು, ಯಾವ ದರಕ್ಕೆ ಕೊಳ್ಳಲಾಗುವುದು ಎಂಬ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಬಹುದು. ಐದು ಎಕರೆಗಿಂತ ಕಡಿಮೆ ಇರುವವರ ಹೆಸರುಗಳನ್ನು ಮೊದಲು ಬರೆದುಕೊಳ್ಳಲಿ. ಹೊಲವಿಲ್ಲದ ಹೆಂಗಸರಿಗೆ ಆ ಧಾನ್ಯವನ್ನು ಹಸನುಮಾಡುವ, ಬೀಸುವ ಕೆಲಸವು ಸಿಗಲಿ. ಕೂಲಿಯಲ್ಲಿ ಒಂದು ಪಾಲು ಕಾಳೇ ಇರಲಿ.