ಭಜನೆಯ ಸೌಂಡು ಕಡಿಮೆ ಮಾಡಿ, ಸ್ವಾಮಿ



ಮಾಲೆ ಧರಿಸಿದ ಎಲ್ಲ ಸ್ವಾಮಿಗಳಿಗೆ, ಅದರಲ್ಲೂ ಈ ವರ್ಷ ಮೊದಲ ಸಲ ಹೊರಟಿರುವ ಕನ್ನಿಸ್ವಾಮಿಗಳಿಗೆ ಶರಣು. ಈ ವಾರ ನೀನು ಬರೆ ಎಂದು ಗುರುಸ್ವಾಮಿ ಹೇಳಿದ್ದಾರೆ. ನಾನು ಶಾಸ್ತ್ರ ಓದಿದವನಲ್ಲ. ಡಿಪ್ಲೊಮಾ ಮುಗಿಸಿ ನವಿ ಮುಂಬೈಯಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುತ್ತಿರುವವನು. ತತ್ತ್ವ ಹೇಳಲು ಹೋದರೆ ಎಡವುತ್ತೇನೆ. ಹಾಗಾಗಿ ಹಿಂದಿನ ಯಾತ್ರೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ.

ಬೆಳಗಿನ ಜಾವ ನಾಲ್ಕಕ್ಕೆ ಇರುಮುಡಿ ಹೊತ್ತು ಹೊರಟೆವು. ಏಳು ಸೀಟಿನ ಗಾಡಿ, ಏಳು ಜನ, ಸ್ಟೇರಿಂಗ್ ನನ್ನ ಕೈಯಲ್ಲಿ. ಮಾಲೆ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಶರಣು ಕೂಗಿ ಗಾಡಿ ಎತ್ತಿದ್ದಾಯಿತು. ಪುಣೆಯ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಹಿಂದಿನಿಂದ ಗುಂಯ್ ಎನ್ನುವ ಸದ್ದು. ಅದು ಕಾಂಕ್ರೀಟ್ ರಸ್ತೆ, ಎಂಥ ಟೈರನ್ನೂ ಕೂಗಿಸುತ್ತದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ಆ ಸದ್ದು ಎರಡು ವಾರದಿಂದ ಇತ್ತು. ವ್ರತದ ಗಡಿಬಿಡಿ, ಆಫೀಸಿನ ಶಿಫ್ಟು, ಎಲ್ಲದರ ನಡುವೆ ಗ್ಯಾರೇಜಿಗೆ ಹೋಗಲು ಸೋಮಾರಿತನ. ಭಜನೆಯ ವಾಲ್ಯೂಮ್ ಎರಡು ಕಡ್ಡಿ ಏರಿಸಿದೆ.

ಪುಣೆ ದಾಟಿ ಡಾಂಬರು ಬಂತು. ರಸ್ತೆಯ ಗಲಾಟೆ ಇಳಿಯಿತು, ಆ ಗುಂಯ್ ಮಾತ್ರ ಇಳಿಯಲಿಲ್ಲ. ಕೊನೆಯ ಸೀಟಿನಲ್ಲಿದ್ದ ಕನ್ನಿಸ್ವಾಮಿ ಕೇಳಿದ: “ಸ್ವಾಮಿ, ಎಂತದು ಇದು, ವಿಮಾನ ಏರುವಾಗಿನ ಹಾಗೆ ಕೇಳ್ತದಲ್ಲ?”

“ಟೈರು ಸ್ವಾಮಿ, ಹೊಸತು,” ಎಂದೆ. ವಾಲ್ಯೂಮ್ ಇನ್ನೊಂದು ಕಡ್ಡಿ ಏರಿತು.

ಪಕ್ಕದಲ್ಲಿ ಕೂತಿದ್ದ ಗುರುಸ್ವಾಮಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಎಂದುಕೊಂಡಿದ್ದೆ. “ಭಜನೆಯ ಸೌಂಡು ಕಡಿಮೆ ಮಾಡಿ, ಸ್ವಾಮಿ,” ಎಂದರು. ಆಮೇಲೆ, “ಪೂರ್ತಿ ಬಂದ್ ಮಾಡಿ.”

ನನಗೆ ಕಿವಿ ಬಿಸಿಯಾಯಿತು. ಹದಿನೈದು ವರ್ಷ ಲಾರಿ ಓಡಿಸಿದವರು ಅವರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅರವತ್ತರಲ್ಲಿ ಹೋಗು ಎಂದರು, ಹೋದೆ. ಎಕ್ಸಿಲೇಟರ್ ಬಿಟ್ಟು ನ್ಯೂಟ್ರಲ್ ಮಾಡು ಎಂದರು. ಎಂಜಿನ್ ಸದ್ದು ಬಿತ್ತು, ಗುಂಯ್ ಹಾಗೇ ಇತ್ತು. ಗಾಡಿ ನಿಧಾನವಾದ ಹಾಗೆ ಮಾತ್ರ ಅದೂ ತಗ್ಗಿತು. ಅಂದರೆ ಎಂಜಿನ್‌ದಲ್ಲ, ಚಕ್ರದ ಕಡೆಯದು. ಆಮೇಲೆ ಎಡಕ್ಕೆ ಅಗಲವಾಗಿ ಬಳಸುವ ಒಂದು ತಿರುವು ಬಂತು. ಸದ್ದು ಜೋರಾಯಿತು, ಗುರ್ ಎನ್ನುವ ಹಾಗೆ. ಬಲ ತಿರುವಿನಲ್ಲಿ ಹೆಚ್ಚುಕಮ್ಮಿ ಮಾಯ.

“ಬಲಗಡೆ, ಹಿಂದಿನದ್ದು. ಬೇರಿಂಗ್ ಹೋಗಿದೆ,” ಎಂದರು.

ಅದು ಹೇಗೆ ಗೊತ್ತಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಅರ್ಧಕ್ಕರ್ಧ ಜನ ಗಾಡಿ ಓಡಿಸಿಕೊಂಡೇ ಹೋಗುವವರು. ಟೈರು ಸದ್ದು ಮಾಡುವುದು ರಸ್ತೆಯ ಜೊತೆ. ಕಾಂಕ್ರೀಟಿನಲ್ಲಿ ಒಂದು ಸ್ವರ, ನಯವಾದ ಹೊಸ ಡಾಂಬರಿನಲ್ಲಿ ಇನ್ನೊಂದು. ಬೇರಿಂಗ್ ಗಾಲಿಯ ನಡುವೆ, ಹಬ್ಬಿನಲ್ಲಿ ಮುಚ್ಚಿಕೊಂಡಿರುತ್ತದೆ. ರಸ್ತೆ ಯಾವುದಾದರೂ ಅದಕ್ಕೆ ಅಷ್ಟೇನೂ ವ್ಯತ್ಯಾಸವಿಲ್ಲ. ಅದಕ್ಕೆ ತಿಳಿಯುವುದು ಭಾರ. ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲದ ಚಕ್ರಗಳ ಮೇಲೆ ಒರಗುತ್ತದೆ, ಬಲಕ್ಕೆ ತಿರುಗಿದರೆ ಎಡದ ಮೇಲೆ. ಕೆಟ್ಟ ಬೇರಿಂಗ್ ಮೇಲೆ ಭಾರ ಬಿದ್ದಾಗ ಕೂಗುತ್ತದೆ, ಭಾರ ಇಳಿದಾಗ ಸುಮ್ಮನಾಗುತ್ತದೆ. ಇದು ನೂರಕ್ಕೆ ನೂರು ಎಂದು ಹೇಳಲಾಗುವುದಿಲ್ಲ, ಕೆಲವು ಗಾಡಿಗಳಲ್ಲಿ ಮೋಸ ಹೋಗಬಹುದು. ಅದಕ್ಕೇ ಕೈಯಿಂದಲೂ ನೋಡಬೇಕು.

ನನ್ನ ಕೆಲಸದಲ್ಲೂ ಇದೇ ತಾನೆ. ಕಂಪ್ಯೂಟರ್ ಕೆಟ್ಟಿದೆ ಎಂದು ಫೋನ್ ಬಂದರೆ ಒಂದೊಂದನ್ನೇ ಬದಲಿಸಿ ನೋಡುತ್ತೇವೆ: ಕೇಬಲ್, ಆಮೇಲೆ ಪೋರ್ಟ್, ಆಮೇಲೆ ಮಷೀನು. ದಿನಕ್ಕೆ ಹತ್ತು ಜನರಿಗೆ ಅದನ್ನು ಹೇಳಿಕೊಡುವ ನಾನು ನನ್ನ ಗಾಡಿಗೆ ಮಾಡಲಿಲ್ಲ.

ಸ್ವಾಮಿಗಳೇ, ಆ ಭಾರದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ವ್ರತದ ದಿನಗಳಲ್ಲಿ ನಮಗೆ ಬರುವ ಸಿಟ್ಟನ್ನು ನೋಡಿ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಬಂದ ಸಿಟ್ಟು ಸ್ಟೇಷನ್ ಇಳಿದ ಮೇಲೆ ಇರುವುದಿಲ್ಲ. ಅದು ರಸ್ತೆಯ ಸದ್ದು. ಆದರೆ ರಸ್ತೆ ಬದಲಾದರೂ ಹೋಗದ ಒಂದು ಇರುತ್ತದೆ. ಮನೆಯಲ್ಲಿ, ಆಫೀಸಿನಲ್ಲಿ, ಪೂಜೆಗೆ ಕೂತಾಗಲೂ ಸಣ್ಣಗೆ ಗುಂಯ್ ಎನ್ನುತ್ತದೆ. ಯಾರೋ ಒಂದು ಜವಾಬ್ದಾರಿ ಹೊರಿಸಿದ ಕೂಡಲೆ ಗುರ್ ಎನ್ನುತ್ತದೆ. ನನ್ನದು ತಮ್ಮನ ಜೊತೆಗಿನ ಹಣದ ವಿಷಯ. 41 ದಿನ ದಿನಕ್ಕೆರಡು ಸಲ ತಣ್ಣೀರು ಸ್ನಾನ ಮಾಡಿ, ಶರಣು ಕೂಗಿ, ಅದರ ಮೇಲೆ ವಾಲ್ಯೂಮ್ ಏರಿಸಿದ್ದೆ ಅಷ್ಟೆ. ನೀಲಿಮಲೆ ಏರುವಾಗ ಇರುಮುಡಿಯ ಭಾರ ಯಾವ ಮಂಡಿಯ ಮೇಲೆ ಬೀಳುತ್ತದೋ ಅದೇ ಮಂಡಿ ನೋಯುತ್ತದೆ ಎಂದು ಹಳಬರು ನಗುತ್ತಾರೆ. ನೋವು ಬೆಟ್ಟದ್ದಲ್ಲ, ಮಂಡಿಯದ್ದು.

ಕತೆಗೆ ಬರುತ್ತೇನೆ. ಗಾಡಿ ನಿಲ್ಲಿಸಬೇಕೋ ಬೇಡವೋ ಎಂದು ಒಳಗೆ ಜಗಳವೇ ಆಯಿತು. ದರ್ಶನದ ಬುಕ್ಕಿಂಗ್ ಆಗಿತ್ತು, ಸಮಯ ತಪ್ಪಿದರೆ ಏಳು ಜನರ ವ್ರತದ ಪ್ರಶ್ನೆ. “ಅಯ್ಯಪ್ಪ ನೋಡಿಕೊಳ್ತಾನೆ, ಹೋಗುವ,” ಎಂದರು ಒಬ್ಬ ಸ್ವಾಮಿ.

“ನೋಡಿಕೊಂಡಿದ್ದಾನಲ್ಲ ಸ್ವಾಮಿ,” ಎಂದರು ಗುರುಸ್ವಾಮಿ. “ಸದ್ದು ಕೇಳಿಸಿದ್ದು ಮತ್ತೆ ಯಾರು?”

ಸಾತಾರಾ ಆಚೆ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ನಿಲ್ಲಿಸಿದೆವು. ಮೆಕ್ಯಾನಿಕ್ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ ಹಿಂದಿನ ಬಲ ಚಕ್ರ ಎತ್ತಿದ. ಗಾಲಿಯ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ. ಟಕ್ ಟಕ್ ಎಂದು ಆಟ ಗೊತ್ತಾಯಿತು. ಕೈಯಲ್ಲಿ ತಿರುಗಿಸಿ, ನನ್ನ ಬೆರಳನ್ನು ಸ್ಪ್ರಿಂಗ್ ಮೇಲೆ ಇಡಿಸಿದ. ಒಳಗೆ ಮರಳು ಅರೆದ ಹಾಗೆ ನಡುಕ. ಎಡದ ಚಕ್ರ ತಿರುಗಿಸಿದಾಗ ಬೆರಳಿಗೆ ಏನೂ ತಿಳಿಯಲಿಲ್ಲ. ಬಿಚ್ಚಿದಾಗ ಗ್ರೀಸ್ ನೀರು ಕುಡಿದು ಕೆಟ್ಟಿತ್ತು, ಗುಂಡುಗಳು ಓಡುವ ಉಕ್ಕಿನ ಬಳೆಯಲ್ಲಿ ಚುಕ್ಕಿ ಚುಕ್ಕಿ ಗುಳಿ. ಮಳೆಗಾಲದಲ್ಲಿ ಮೊಣಕಾಲು ನೀರಿನಲ್ಲಿ ಗಾಡಿ ನುಗ್ಗಿಸಿದವನು ನಾನೇ. ಹೀಗೇ ಓಡಿಸಿದ್ದರೆ ಬಿಸಿಯಾಗಿ ಚಕ್ರ ಹಿಡಿದುಕೊಳ್ಳಬಹುದಿತ್ತು, ಕಳಚಿಕೊಳ್ಳಲೂಬಹುದಿತ್ತು. ಹಿಂದೆ ಆ ಮಗ್ಗುಲಲ್ಲೇ ಕನ್ನಿಸ್ವಾಮಿ ಕೂತಿದ್ದ.

ಬಿಡಿಭಾಗ ಪೇಟೆಯಿಂದ ಬರಲು ಸಂಜೆಯಾಯಿತು. ಕೊಲ್ಲೂರು, ಗುರುವಾಯೂರು ಎರಡನ್ನೂ ಬಿಟ್ಟೆವು. ಎರುಮೇಲಿಯಲ್ಲಿ ಪೇಟೆ ತುಳ್ಳಲ್ ಮಾತ್ರ ಬಿಡಲಿಲ್ಲ. ನಿಲಕ್ಕಲ್‌ನಲ್ಲಿ ಗಾಡಿ ನಿಲ್ಲಿಸಿ ಪಂಬೆಯ ಬಸ್ಸು ಹತ್ತಿದಾಗ ನಮ್ಮ ಸಮಯಕ್ಕೆ ಇನ್ನೂ ಎರಡು ಗಂಟೆ ಉಳಿದಿತ್ತು. ಪಂಬೆಯ ದಡದಲ್ಲಿ ತಮ್ಮನಿಗೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ಮೂರು ದಿನದ ನಂತರ ಅವನೇ ಮಾಡಿದ.

ಸದ್ದು ಟೈರಿನದೇ ಆದರೂ ಬಿಡಬೇಡಿ. ಗಾಡಿ ನಿಲ್ಲಿಸಿ ಟೈರಿನ ಮೇಲೆ ಅಂಗೈ ಆಡಿಸಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಾಗಿದರೆ ಅಲೈನ್‌ಮೆಂಟ್ ನೋಡಿಸಿ. ಹಿಂದಿನ ಟೈರು ಮುಂದಕ್ಕೆ ಹಾಕಿದಾಗ ಸದ್ದೂ ಮುಂದಕ್ಕೆ ಬಂದರೆ ಅದು ಟೈರೇ. ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಹೊಸತೇ ಆಗಬೇಕು.

ಆ ಹಳೆಯ ಬೇರಿಂಗ್ ನನ್ನ ಬಳಿ ಇದೆ, ಬೆರಳಲ್ಲಿ ತಿರುಗಿಸಿದರೆ ಈಗಲೂ ಕಿರುಗುಟ್ಟುತ್ತದೆ. ಇರುಮುಡಿ ಕಟ್ಟುವ ಹಿಂದಿನ ಭಾನುವಾರ ಬೆಳಿಗ್ಗೆ, ಭಿಕ್ಷೆಗೆ ಮೊದಲು, ಗಾಡಿ ತರುವವರೆಲ್ಲ ತನ್ನಿ. ಜಾಕ್ ನಾನು ತರುತ್ತೇನೆ. ಗುರುಸ್ವಾಮಿ ಕಿವಿ ತರುತ್ತಾರೆ.

ಸ್ವಾಮಿ ಶರಣಂ.